ಟೈಪಿಂಗಿಗೆ ಒಂದೇ ಕುರ್ಚಿ

೩ ಮಾರ್ಚ್ ೧೯೭೮, ಖಾಸಬಾಗ

ಏಳರ ಬ್ಯಾಚು ಮುಗಿಯಿತು. ಮೂರನೇ ಮಷಿನ್ನಿನ ರಿಬ್ಬನ್ ಬದಲಿಸಿದೆ. ಕೈಯೆಲ್ಲ ಕಪ್ಪು. ಅಷ್ಟರಲ್ಲಿ ಕಾಂತಾ ಬಂದಳು — ಇದೇ ಬೆಂಚಿನ ಮೇಲೆ ಟೈಪಿಂಗ್ ಕಲಿತವಳು. ಈಗ ನೆಹರು ನಗರದಲ್ಲಿ ಅವಳದೇ ಇನ್‌ಸ್ಟಿಟ್ಯೂಟ್, ಟೈಪಿಂಗು, ಶಾರ್ಟ್‌ಹ್ಯಾಂಡು ಎರಡೂ. ದುಡಿಯುವ ಹೆಂಗಸರ ಕ್ಲಬ್ ಶುರುವಾಗಿದೆಯಂತೆ, ಅವಳನ್ನು ಸೇರಿಸಿಕೊಂಡರಂತೆ.

"ಎಲ್ಲಾ ನಿಮ್ಮ ಆಶೀರ್ವಾದ ರೀ ಅಕ್ಕಾರ."

ಒಂದು ಕೆಲಸಕ್ಕೆ ಒಬ್ಬಳೇ ಅಂತ ನಿಯಮ. ಒಬ್ಬ ಡಾಕ್ಟರು, ಒಬ್ಬ ವಕೀಲೆ. ಟೈಪಿಂಗಿಗೆ ಇವಳು! ಹದಿನಾಲ್ಕು ವರ್ಷದಿಂದ ಕಲಿಸುತ್ತಿರುವವಳು ನಾನು. ಹೊಟ್ಟೆ ಉರಿಯಿತು. ಅವಳು ತಂದ ಕುಂದಾ ತಿಂದೆ.

೯ ಏಪ್ರಿಲ್

ಪೇಪರಿನಲ್ಲಿ ಕ್ಲಬ್ಬಿನ ಫೋಟೋ. ನಡುವೆ ಅಧ್ಯಕ್ಷೆ ಡಾಕ್ಟರಬಾಯಿ, ಪಕ್ಕದಲ್ಲೇ ಕಾಂತಾ. ಎರಡು ಸಲ ನೋಡಿದೆ. ಸುಳ್ಳು... ಹತ್ತು ಸಲ.

೨ ಜೂನ್

ಕಾಂತಾ ಹೆರಿಗೆಗೆಂದು ಖಾನಾಪುರಕ್ಕೆ, ತವರಿಗೆ ಹೊರಟಳು. ಹೇಳದೆ ಕ್ಲಬ್ಬಿನ ಮೂರು ಸಭೆ ತಪ್ಪಿಸಿದರೆ ಜಾಗ ಹೋಗುತ್ತದೆ. ರಜೆಚೀಟಿ ಬರೆದು ನನ್ನ ಕೈಗಿಟ್ಟಳು.

"ಡಾಕ್ಟರಬಾಯಾರ ದವಾಖಾನಿ ಇವತ್ತ ಬಂದ್ ಐತ್ರಿ. ನಿಮ್ಮ ಓಣ್ಯಾಗ ಅದಲ್ರೀ, ಕೊಟ್ಟಬಿಡ್ರಿ ಅಕ್ಕಾರ."

ಹೂಂ ಅಂದೆ. ನಾಳೆ ಕೊಡಬೇಕು.

೧೪ ಜೂನ್

ನಾಳೆ.

೨೦ ಆಗಸ್ಟ್, ಖಾನಾಪುರ

ಕೂಸಿನ ತೊಟ್ಟಿಲ ಕಾರ್ಯಕ್ಕೆ ಬಂದೆ. "ಚೀಟಿ ಕೊಟ್ರಿ ಅಲ್ರೀ?" ಅಂದಳು. ಕೊಟ್ಟೆ ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಂದ!

೭ ಸೆಪ್ಟೆಂಬರ್

ಡಾಕ್ಟರಬಾಯಿ ತಾವೇ ಬಂದರು. "ಆ ಹುಡುಗಿ ಒಂದ ಮಾತ ಹೇಳಲಿಲ್ಲ ನೋಡ್ರಿ. ಟೈಪಿಂಗಿನ ಜಾಗಾ ಖಾಲಿ ಐತಿ. ನೀವ ಬರ್ರಿ."

ಅಯ್ಯೋ ಪಾಪ ಎಂಬ ಮುಖ ಮಾಡಿದೆ. ಅವರು ಹೋದಮೇಲೆ ಹೊಸ ಸೀರೆಗೆ ಫಾಲ್ ಹಚ್ಚಿದೆ.

೫ ನವೆಂಬರ್, ಮಧ್ಯಾಹ್ನ

ಸಭೆಗೆ ಕಾಂತಾ ಬಂದಳು, ಕೂಸನ್ನೆತ್ತಿಕೊಂಡು. ಅವಳ ಕುರ್ಚಿಯಲ್ಲಿ ನಾನು.

"ಒಂದ ಚೀಟಿ ಕಳಸಾಕ ಆಗಲಿಲ್ಲೇನ ನಿನಗ?" ಡಾಕ್ಟರಬಾಯಿ ಗದರಿಸಿದರು.

ಕಾಂತಾ ನನ್ನನ್ನೇ ನೋಡಿದಳು...

"ಮರತೆ ರೀ. ತಪ್ಪ ನಂದ," ಅಂದಳು.

ಎಲ್ಲರೂ ಕರಗಿದರು. ಶಾರ್ಟ್‌ಹ್ಯಾಂಡ್ ಬೇರೆಯೇ ಕೆಲಸ ಅಂತ ಅಲ್ಲೇ ಹೊಸ ಜಾಗ ಮಾಡಿಕೊಟ್ಟರು. ನನ್ನ ಪಕ್ಕದ ಕುರ್ಚಿ. "ಹಿಡೀರಿ ಅಕ್ಕಾರ" ಅಂತ ಕೂಸನ್ನು ನನ್ನ ತೊಡೆಗೆ ಹಾಕಿ ಸದಸ್ಯರ ಪುಸ್ತಕಕ್ಕೆ ಸಹಿ ಮಾಡಿದಳು.

ಅದೇ ದಿನ, ಸಂಜೆ

ಮಾನ ಉಳಿಸಿದಳು. ಅದಕ್ಕೇ ಇನ್ನೂ ಉರಿಯುತ್ತಿದೆ. ಎಲ್ಲರೆದುರು ಬೈದಿದ್ದರೆ ಸರಿಸಮ ಆಗುತ್ತಿತ್ತು. ಇದರಲ್ಲೂ ಅವಳೇ ದೊಡ್ಡವಳು!

ಚೀಟಿ ಮಷಿನ್ ಕವರಿನ ಕೆಳಗೇ ಇದೆ. ಡಾಕ್ಟರಬಾಯಿಗೆ ಬರೆಯಲು ಹಾಳೆ ಏರಿಸಿದೆ. ತಾರೀಖು ಹೊಡೆದೆ. "ಕಾಂತಾ ಚೀಟಿ ಕೊಟ್ಟಿದ್ದಳು. ಮುಚ್ಚಿಟ್ಟವಳು" — ಅಲ್ಲಿಯವರೆಗೆ ಬಂತು. ಇನ್ನೊಂದೇ ಪದ. ಹದಿನಾಲ್ಕು ವರ್ಷ ಪಳಗಿದ ಬೆರಳು. ಇಷ್ಟು ಸಣ್ಣ ಪದಕ್ಕೆ—