ಕಿಂಡಿಯ ಹಲಗೆ

ಕುದ್ರುಮನೆ,
ಬೈಂದೂರು ತಾಲೂಕು
12 ಅಕ್ಟೋಬರ್ 2025

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಪ್ಪನ ಮೊಣಕಾಲು ನೋವು ಕಡಿಮೆಯಾಯಿತಾ? ಬರೆಯುತ್ತೇನೆ ಎಂದು ಹೇಳಿ ತಿಂಗಳಾಯಿತು, ಬೈಯಬೇಡ. ಇಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ಅಲ್ಲಿ ಯಾವಾಗಲೂ ಯಾರಾದರೂ ಕಾಯಿ ಸುಲಿಯುತ್ತ ಕೂತಿರುತ್ತಾರೆ. ಹತ್ತನೇ ಕ್ಲಾಸಿನ ನಂತರ ಇಷ್ಟು ಉದ್ದ ಕನ್ನಡ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ನಗಬೇಡ.

ನಾನು ತುಂಬಾ ತುಂಬಾ ಖುಷಿಯಲ್ಲಿದ್ದೇನೆ. ಯತೀಶ್ ಪೇಟೆಯಿಂದ ಬರುವಾಗ ದೋಣಿ ಕಟ್ಟುವ ಮೊದಲೇ ನನ್ನ ಹೆಸರು ಕೂಗುತ್ತಾರೆ. ಅಜ್ಜಿ ಒಳಗಿನಿಂದ ಅದೇ ರಾಗದಲ್ಲಿ ಅಣಕಿಸುತ್ತಾರೆ. ನಾಟಿಯ ದಿನ ನಾನೂ ಗದ್ದೆಗಿಳಿದು ಮೊಬೈಲ್ ತೆಗೆದೆ. "ಗದ್ದಿಗ್ ಇಳ್ದದ್ದಾ ಹೆಣ್ಣೇ, ಫೋಟುಕ್ ಇಳ್ದದ್ದಾ?" ಎಂದರು ಅಜ್ಜಿ. ಎಲ್ಲರಿಗಿಂತ ಹೆಚ್ಚು ನಕ್ಕಿದ್ದು ನನ್ನ ಅತ್ತೆ.

ಸುಂದರಿ ಅಜ್ಜಿ, ಅಂದರೆ ಇವರ ಅಪ್ಪನ ಅಮ್ಮ, ಮದುವೆಯಾಗಿ ಬಂದಾಗ ಇಲ್ಲಿ ಗದ್ದೆಯೇ ಇರಲಿಲ್ಲವಂತೆ. ಸುತ್ತ ಹೊಳೆ, ನಡುವೆ ಉಪ್ಪು ಕೆಸರು. ಯಾರಿಗೂ ಬೇಡದ ಜಾಗವಾದ್ದರಿಂದಲೇ ಅಜ್ಜಿಯ ಗಂಡ ಐತಜ್ಜನಿಗೆ ಸಿಕ್ಕಿದ್ದು. ಇಬ್ಬರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಸುತ್ತ ದಂಡೆ ಕಟ್ಟಿದರು. ಎರಡು ಸಲ ಕೊಚ್ಚಿಹೋಯಿತು. ಕುಡಿಯುವ ನೀರನ್ನು ಕೂಡ ಆಚೆ ದಡದಿಂದ ದೋಣಿಯಲ್ಲಿ ತರಬೇಕಿತ್ತು. ಮೂರು ವರ್ಷ ಏಡಿ ಸಾರು, ತೆಳು ಗಂಜಿ. "ನೆಟ್ಟದ್ ನೇಜಿ, ಕೊಯ್ದದ್ ಉಪ್ಪ್" ಎನ್ನುತ್ತಾರೆ ಅಜ್ಜಿ, ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ. ನೇಜಿ ಅಂದರೆ ಭತ್ತದ ಸಸಿ.

ಆ ದಂಡೆಯಲ್ಲಿ ಒಂದು ಕಿಂಡಿ, ಅದಕ್ಕೊಂದು ಹಲಗೆ. ಹೊಳೆ ಇಳಿದಾಗ ಹಲಗೆ ಎತ್ತಿ ಮಳೆನೀರನ್ನು ಹೊರಗೆ ಬಿಡಬೇಕು, ಸಮುದ್ರದ ಭರತ ಬಂದು ಹೊಳೆ ಏರುವ ಮೊದಲು ಹಾಕಬೇಕು. ಅಜ್ಜಿ ಈ ಕೆಲಸವನ್ನು ಅತ್ತೆಗೆ ಒಪ್ಪಿಸಿ ಮೂವತ್ತೊಂದು ವರ್ಷ. ಅತ್ತೆ ಗಡಿಯಾರ ನೋಡುವುದಿಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದವರು ತಟ್ಟನೆ ಎದ್ದು ದಂಡೆಗೆ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನೋಡಿದರೆ ಹಲಗೆ ದಂಡೆಯ ಮೇಲಿತ್ತು, ಗದ್ದೆಯ ತುಂಬ ಉಪ್ಪುನೀರು. ಆಗಷ್ಟೇ ತೆನೆ ಹೊರಟಿತ್ತು. ವಾರದೊಳಗೆ ಬೆಳ್ಳಗಾಯಿತು, ಎಲ್ಲ ಜೊಳ್ಳು. ಎರಡು ಮಳೆಗಾಲ ತೊಳೆದರೆ ಮಣ್ಣು ಸರಿಯಾಗುತ್ತದಂತೆ.

ಯಾರೂ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇವರು ಮೆಲ್ಲಗೆ, "ಅಮ್ಮಾ, ಇನ್ನು ನಿಮಗೆ ಆ ಕೆಲಸ ಬೇಡ, ಧನ್ಯಾ ನೋಡಿಕೊಳ್ಳುತ್ತಾಳೆ" ಎಂದರು. ಅತ್ತೆ ನನ್ನ ಹತ್ತಿರ ಬಂದು, "ನಾ ಹಾಕಿದ್ದೆ ಅಂದೇಳಿ ನೆನ್ಪ್. ಆರೆ ನೀರ್ ಬಂತಲೆ. ಹಂಗಾರೆ ನಾ ಹಾಕ್ಲಿಲ್ಲ" ಎಂದರು.

ಅಂದಿನಿಂದ ಅವರು ಬಟ್ಟೆ ಒಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಗ್ಯಾಸ್ ಆರಿಸಿದೆನಾ ಎಂದು ನೋಡುತ್ತಾರೆ. ಸಾರಿಗೆ ಉಪ್ಪು ಹಾಕಿದೆನಾ ಎಂದು ನನ್ನನ್ನು ಕೇಳುತ್ತಾರೆ. ನೆರೆಮನೆಯ ಸೂರನ ಹೆಸರು ಒಮ್ಮೆ ತಕ್ಷಣ ಬಾಯಿಗೆ ಬರಲಿಲ್ಲ, ಅದಕ್ಕೇ ಅಳು ಬಂತು. ಅವರ ತಾಯಿಗೂ ಕೊನೆಗಾಲದಲ್ಲಿ ಮರೆವಿತ್ತಂತೆ, ಮಕ್ಕಳ ಗುರುತೂ ಸಿಗುತ್ತಿರಲಿಲ್ಲವಂತೆ. ನಾಳೆ ಕುಂದಾಪುರದಲ್ಲಿ ಮರೆವಿನ ಡಾಕ್ಟರಿಗೆ ತೋರಿಸುವುದೆಂದು ಆಗಿದೆ. ಜೊತೆಗೆ ಹೋಗುವವಳು ನಾನು.

ಈಗ ದಿನಕ್ಕೆರಡು ಹೊತ್ತು ಹಲಗೆ ನಾನೇ ಎತ್ತುತ್ತೇನೆ, ನಾನೇ ಹಾಕುತ್ತೇನೆ. ಬೆಳೆ ಇಲ್ಲದಿದ್ದರೂ ಮಾಡಬೇಕಂತೆ. ಮೊಬೈಲಿನಲ್ಲಿ ಭರತದ ಸಮಯ ತೋರಿಸುವ ಆ್ಯಪ್ ಹಾಕಿಕೊಂಡಿದ್ದೇನೆ. ಇವರಿಗೆ ನನ್ನ ಬಗ್ಗೆ ತುಂಬಾ ಹೆಮ್ಮೆ.

ಅಪ್ಪನಿಗೆ ನನ್ನ ಪ್ರೀತಿ ಹೇಳು. ದೇವರಿಗೆ ದೀಪ ಹಚ್ಚುವಾಗ ಈ ಮನೆಯನ್ನೂ ನೆನೆದುಕೋ, ನನಗಿಂತ ಮೊದಲು ಅತ್ತೆಯನ್ನು.

ನಿನ್ನ ಮುದ್ದಿನ
ಧನ್ಯಶ್ರೀ

ವಿ.ಸೂ.: ಅಮ್ಮಾ, ಹಲಗೆ ಎತ್ತಿದ್ದು ನಾನು. ಅಮಾವಾಸ್ಯೆಯ ಸಂಜೆ ಮಳೆ ಬಂದು ಗದ್ದೆಯಲ್ಲಿ ನೀರು ನಿಂತಿತ್ತು, ಅತ್ತೆ ರಾತ್ರಿಯ ಭರತಕ್ಕೆಂದು ಹಾಕಿ ಹೋಗಿದ್ದನ್ನು ಎತ್ತಿಬಿಟ್ಟೆ. ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲಿಲ್ಲ. ಮನೆಗೆ ಬಂದು ಮರೆತೇಬಿಟ್ಟೆ. ಇಪ್ಪತ್ತು ದಿನವಾಯಿತು, ಬಾಯಿ ಬಿಟ್ಟಿಲ್ಲ. ಈಗಷ್ಟೇ ಅತ್ತೆ ನಾಳೆಗೆ ಸೀರೆ ತೆಗೆದಿಡುತ್ತ, "ಡಾಕ್ಟ್ರ್ ಕೇಂಡದ್ದ್ ನಂಗ್ ನೆನ್ಪಾಗ್ದಿದ್ರೆ ನೀ ಹೇಳ್, ಹೆಣ್ಣೇ" ಎಂದರು. ಹ್ಞೂಂ ಎಂದಿದ್ದೇನೆ.