ಗುಂಡಿ ಮುಚ್ಚು, ಸಂಕವ್ವ

ಕರಡದ ಗುಡ್ಡ
ಇಸವಿ ಎರಡು ಸಾವಿರದ ನೂರಾ ಎಂಬತ್ತೊಂಬತ್ತು, ಎರಡನೇ ಬೇಸಿಗೆಯ ಹದಿನೇಳನೇ ದಿನ

ಸಂಕವ್ವನಿಗೆ, ನಿನ್ನ ಮರಿಮೊಮ್ಮಗಳ ಮೊಮ್ಮಗಳು ಮಾಳವ್ವ ಬರೆಯುವುದು.

ತಾರೀಖು ನೋಡಿ ಗಾಬರಿಯಾಗಬೇಡ. ನಮಗೆ ದಸರೆ ಕಳೆದ ಮೇಲೆ ಇನ್ನೊಂದು ಬೇಸಿಗೆ ಬರುತ್ತದೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಮಾತು ಅಡ್ಡಾದಿಡ್ಡಿ ಎನಿಸಿದರೆ ಕ್ಷಮಿಸು. ಸಂಬಂಧದಲ್ಲಿ ನೀನು ದೊಡ್ಡವಳು, ಆದರೆ ಈ ಕಾಗದ ತಲುಪುವ ನಿನ್ನ ಕಾಲದಲ್ಲಿ ನಿನಗಿನ್ನೂ ಇಪ್ಪತ್ತಾರು, ಇಲ್ಲಿ ನನಗೆ ಎಪ್ಪತ್ತೊಂದು. ಹಾಗಾಗಿ ಬೈಯುವವಳು ನಾನೇ.

ನಿಮ್ಮ ‘ಗುಡ್ಡ ಉಳಿಸುವ ಬಳಗ’ದ ದಪ್ಪ ರಟ್ಟಿನ ವಹಿ ನನ್ನ ಟ್ರಂಕಿನಲ್ಲಿದೆ. ಬರುವ ಭಾನುವಾರ ಗುಡ್ಡದ ಮೇಲೆ ಆರುನೂರು ಸಸಿ ನೆಡುವುದೆಂದು ಅದರಲ್ಲಿ ನಿನ್ನ ಕೈಬರಹದಲ್ಲೇ ಇದೆ. ಬೇವು, ಹೊಂಗೆ, ಕಮರ, ಎಲ್ಲವೂ ನಮ್ಮ ನಾಡಿನ ಗಿಡಗಳೇ ಎಂದು ಅಡಿಗೆರೆ ಬೇರೆ ಎಳೆದಿದ್ದೀಯ. ನಾಡಿನವು ಹೌದು ತಾಯಿ, ಆ ಗುಡ್ಡದವಲ್ಲ. ಅದು ಕರಡ ಹುಲ್ಲಿನ ಮನೆ. ಬೋಳು ಗುಡ್ಡವೆಂದು ಕನಿಕರಪಟ್ಟು, ಇದ್ದವರನ್ನು ಹೊರಹಾಕಿ ಬಾಡಿಗೆಯವರನ್ನು ತುಂಬಿದಿರಿ. ಮೂಡಲ ಮಗ್ಗುಲಲ್ಲಿ ಗಿಡ ಎದ್ದವು, ನೆರಳಿಗೆ ಕರಡ ಸತ್ತಿತು. ಹುಲ್ಲಿನಲ್ಲಿ ಮೊಟ್ಟೆ ಇಡುವ ಬುರ್ಲಿ ಹಕ್ಕಿ ದೇಶಾಂತರ ಹೋಯಿತು. ಮಣ್ಣು ಹಿಡಿಯುವ ಹುಲ್ಲಿನ ಬೇರಿಲ್ಲದೆ ಕೆಳಗಿನ ಒರತೆಯಲ್ಲಿ ಹೂಳು ತುಂಬಿತು. ಕೊನೆಗೆ ಎರಡನೇ ಬೇಸಿಗೆ ಬಂದು ಆ ಗಿಡಗಳನ್ನೂ ಒಣಗಿಸಿತು. ಪಡುವಲ ಮಗ್ಗುಲು ಉಳಿದದ್ದು ನಿಮ್ಮ ಬುದ್ಧಿಯಿಂದಲ್ಲ. ಸಸಿ ಹೊತ್ತ ಟ್ರಾಕ್ಟರ್ ಅಲ್ಲಿಗೆ ಏರಲಿಲ್ಲ, ಅಷ್ಟೇ.

ಆ ಪಡುವಲ ಹುಲ್ಲು ಹಣ್ಣಾದಾಗ ನಿಮ್ಮದೇ ಬಳಗದ ಈಗಿನ ನಾವು ಹನ್ನೊಂದು ಮಂದಿ ಕರಿಕಂಬಳಿ ಹೊದ್ದು ಅದರೊಳಗೆ ನಡೆಯುತ್ತೇವೆ. ಚೂಪು ಬೀಜಗಳು ಉಣ್ಣೆಗೆ ಕಚ್ಚಿಕೊಳ್ಳುತ್ತವೆ. ಮೂಡಲಿಗೆ ಹೋಗಿ ಬೋಳು ನೆಲದ ಮೇಲೆ ಕೊಡವುತ್ತೇವೆ. ನನ್ನ ಆಯುಷ್ಯದಲ್ಲಿ ನಾಲ್ಕು ಎಕರೆ ಹುಲ್ಲು ಮರಳಿತು. ಹೋದ ವರ್ಷ ಅಲ್ಲಿ ಬುರ್ಲಿ ಮೊಟ್ಟೆ ಇಟ್ಟಿತು.

ಈಗ ಅದಕ್ಕೂ ಕುತ್ತು ಬಂದಿದೆ. ನೆರಳುಮಂಡಳಿ ಎಂದೊಂದಿದೆ, ಬಿಸಿಲು ತಡೆಯಲು ಊರೂರ ಮೇಲೆ ಬಿಳಿ ಚಾವಣಿಬಟ್ಟೆ ಹಾಸುವುದು ಅವರ ಕೆಲಸ. ನಾಳೆ ಪಡುವಲಲ್ಲಿ ಆ ಬಟ್ಟೆಗೆ ಕಂಬ ನೆಡುತ್ತಾರಂತೆ. ಬಿಸಿಲು ಬೀಳದಿದ್ದರೆ ಉಳಿದ ಕರಡವೂ ಸಾಯುತ್ತದೆ, ಬೀಜಕ್ಕೂ ಗತಿಯಿಲ್ಲ. ನಿನ್ನೆ ಅಳತೆಗೆ ಬಂದ ಎಂಜಿನಿಯರ್ ನಕ್ಕ: “ಯವ್ವಾ, ಇದು ಬರೇ ಹುಲ್ಲಲ್ಲೇನ?”

“ಹೂಂನಪಾ, ನಿನ್ನ ನೆತ್ತಿ ಮ್ಯಾಲ ಅಷ್ಟರೆ ಬೆಳದಿದ್ರ ಒಳಗ ತುಸು ತಂಪಿರತಿತ್ತು,” ಅಂದೆ. ಬೋಳುತಲೆ ಸವರಿಕೊಂಡು ಇಳಿದುಹೋದ.

ಅವನೂ ನಿನ್ನಂತೆಯೇ ಒಳ್ಳೆಯದು ಮಾಡಲು ಬಂದವನು. ನನ್ನ ಸಿಟ್ಟೇ ಅದು.

ನಿನ್ನಲ್ಲಿ ಕೇಳುವುದು ಇಷ್ಟೇ. ಸಸಿಗೆಂದು ತೋಡಿದ ಗುಂಡಿಗಳನ್ನು ಭಾನುವಾರದೊಳಗೆ ಮುಚ್ಚು. ಸಸಿಗಳನ್ನು ಹಳ್ಳದ ದಂಡೆಗೋ ಶಾಲೆಯ ಅಂಗಳಕ್ಕೋ ಒಯ್ದು ನೆಡು. ಬಳಗದವರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ಹುಲ್ಲಿನಲ್ಲಿ ಒಂದು ಸುತ್ತು ಹಾಕಿ, ಬೀಜ ತುಂಬಿದ ಕಂಬಳಿ ಹೊದ್ದು, ಕಂಬಕ್ಕೆಂದು ಅವರು ತೋಡಿದ ಮೊದಲ ಗುಂಡಿಯಲ್ಲೇ ಕೂರುತ್ತೇನೆ. ಎಬ್ಬಿಸಲಿ ನೋಡೋಣ. ಎಬ್ಬಿಸಿದರೂ ಕಂಬಳಿ ಕೊಡವಿಯೇ ಏಳುವವಳು ನಾನು.