ವಸಂತ ನಿನ್ನ ಬಾಯಲ್ಲಿ ಬರೆದ ಏಡಿ

ಅಣ್ಣಾ,

ಅಸಹ್ಯ ಅಂದರೆ ಏನು ಅಂತ ಮೊನ್ನೆ ದಾಂಡೇಲಿಯ ಕ್ಲಬ್ಬಿನಲ್ಲಿ ನೋಡಿ ಬಂದೆ. ನಿನ್ನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ತೀರಿಕೊಂಡ ಅವ್ವನ ಚಿತ್ರ ನೀನು ಬರೆದ ದಿನ ನೆನಪಿದೆಯಾ? ಮಿಲ್ಲಿನ ಪಾಳಿ ಮುಗಿಸಿ ಬಂದವನು ಕೈಕಾಲೂ ತೊಳೆಯದೆ ಕುಂಚ ಹಿಡಿದು ಕೂತಿದ್ದೆ. ಮಣ್ಣಿನೊಳಗೆ ಅವ್ವ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ, ಮಡಿಲಲ್ಲಿ ರೊಟ್ಟಿ, ನೆತ್ತಿಯ ಮೇಲೆ ಭತ್ತದ ಬೇರು. ನಿನ್ನ ಗೆಳೆಯ, ಆ ಡ್ರಾಯಿಂಗ್ ಮಾಸ್ತರ ವಸಂತ, ಕುಣಿದಾಡಿಬಿಟ್ಟ. "ಇದು ಸರ್ರಿಯಲಿಸಂ ಅಲೋ! ಕನಸ ಬರದಿ ನೀ!"

ನೀನು ನಕ್ಕೆ. "ಎಲ್ಲೀ ಕನಸೋ? ನಮ್ಮ ಮಂದೀನ ಹುಗಿಯೂದ ಹಿಂಗ, ಕುಂಡ್ರಿಸಿ. ಅವ್ವ ಕುಂತಾಳ, ಅಷ್ಟ."

ಅವನ ಕಿವಿಗೆ ಹೋದರೆ ತಾನೆ! ಅಂದಿನಿಂದ ಅವನೂ ಸರ್ರಿಯಲಿಸ್ಟ್. ಹಲ್ಲು ಮೂಡಿದ ಗಡಿಯಾರ, ಮೀನಿನ ತಲೆಯ ಹೆಂಗಸು... ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ನೀನು ಮಾತ್ರ "ಬಣ್ಣ ಚಲೋ ಹಚ್ಚತಾನ" ಅನ್ನುತ್ತಿದ್ದೆ.

ನಮ್ಮ ಚಿಗಳ್ಳಿಯ ಹೊಲದಲ್ಲಿ ನಿನ್ನನ್ನು ಅವ್ವನ ಪಕ್ಕ ಕೂರಿಸಿದ ದಿನ ಅವನೂ ಬಂದಿದ್ದ. ನಾವೆಲ್ಲ ಅಳುತ್ತಿದ್ದರೆ ಅವನು ಗುಣಿಯ ಅಂಚಿನಲ್ಲಿ ಬಗ್ಗಿ ಬಗ್ಗಿ ನೋಡುತ್ತಿದ್ದ. ಪಾಪ, ದುಃಖ ಅಂದುಕೊಂಡೆ. ಥೂ! ಚಿತ್ರಕ್ಕೆ ನೋಡಿಕೊಳ್ಳುತ್ತಿದ್ದನಂತೆ.

ಮೊನ್ನೆ ಕ್ಲಬ್ಬಿನಲ್ಲಿ ನಿಮ್ಮಿಬ್ಬರ ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿದ್ದರು. ನೀನು ಬರೆದ ಅವ್ವ, ಅವಳ ಪಕ್ಕದಲ್ಲಿ ವಸಂತ ಬರೆದ ನೀನು. ಗುಣಿಯಲ್ಲಿ ಕೂತಿದ್ದೀ, ಕಣ್ಣು ತೆರೆದಿದೆ, ಬಾಯಿಂದ ಏಡಿಯೊಂದು ಹೊರಗೆ ಬರುತ್ತಿದೆ. ಧಾರವಾಡದಿಂದ ಕರೆಸಿದ್ದ ವಿಮರ್ಶಕರು ಕೋಲು ತೋರಿಸಿ ಹೋಲಿಸಿದರು: "ಇಬ್ಬರೂ ಸರ್ರಿಯಲಿಸ್ಟರ. ಆದ್ರ ಈ ಮುದುಕಿ ಚಿತ್ರ ಭಾಳ ಸಾದಾ ಆತು. ಈ ಹೆಣದಾಗ ನೋಡ್ರಿ, ಧೈರ್ಯ ಐತಿ!" ಕ್ಲಬ್ಬಿನ ಸಾಹೇಬರೆಲ್ಲ ಚಪ್ಪಾಳೆ ತಟ್ಟಿದರು. ವಸಂತನ ಚಿತ್ರವನ್ನು ಇಸ್ಪೀಟು ಆಡುವ ಕೋಣೆಯಲ್ಲಿ ಕಾಯಂ ಆಗಿ ಹಾಕುತ್ತಾರಂತೆ. ನೀನು ಸತ್ತವಳಿಗೆ ಉಣ್ಣಲು ಕೊಟ್ಟೆ, ಅವನು ಸತ್ತವನ ಬಾಯಿಗೆ ಏಡಿ ತುರುಕಿದ. ಇದರಲ್ಲಿ ಹೋಲಿಸುವುದಕ್ಕೆ ಏನಿದೆಯೋ, ಅಣ್ಣಾ?

ಮನೆಗೆ ಹೋಗಿ ವಿಭೂತಿ, ಬಿಲ್ವಪತ್ರೆ, ಕಾಯಿ ತಂದೆ. ಕ್ಲಬ್ಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಎಲ್ಲರೂ ನೋಡುತ್ತಿರುವಾಗಲೇ ಆ ಚಿತ್ರದಲ್ಲಿದ್ದ ನಿನ್ನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ.

"ಏ ಶಾಂತವ್ವಾ, ಚಿತ್ರ ಹೊಲಸ ಮಾಡಬ್ಯಾಡ!" ಅಂತ ವಸಂತ ಚೀರಿದ.

"ಹೊಲಸ ಮಾಡಿದಾಂವ ನೀ. ನಮ್ಮಣ್ಣನ್ನ ತಂದ ಇಲ್ಲೆ ಕುಂಡ್ರಿಸಿಯಲ್ಲ, ಪೂಜಿ ಆಗಬ್ಯಾಡೇನು?"

ನೋಡಲು ಬಂದಿದ್ದ ನಿನ್ನ ಪಾಳಿಯವರು ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ ಕೈಮುಗಿದರು. ಯಾರೋ ಕಾಯಿ ಒಡೆದರು. ಚಪ್ಪಾಳೆ ತಟ್ಟಿದ್ದ ಆ ಸಾಹೇಬರ ಮುಖ ನೀನು ನೋಡಬೇಕಿತ್ತು! ಪೂಜೆಯಾದ ಹೆಣದ ಎದುರು ಇಸ್ಪೀಟು ಹೇಗೆ ಆಡುತ್ತಾರೆ? "ತಗೊಂಡ ಹೋಗ್ರಿ ಮೊದ್ಲ ಇದನ್ನ" ಅಂದರು. ವಸಂತ ಮುಟ್ಟಲಿಲ್ಲ, ಹೆದರಿದ್ದ. ನಿನ್ನನ್ನೂ ಅವ್ವನನ್ನೂ ನಾನೇ ಹೊತ್ತು ತಂದೆ.

ಇವತ್ತು ನಿನ್ನ ಬಣ್ಣದ ಪೆಟ್ಟಿಗೆ ತೆಗೆದೆ, ಅಣ್ಣಾ. ಏಡಿಯ ಮೇಲೆ ಬಣ್ಣ ಬಳಿದು ನಿನಗೊಂದು ಬಾಯಿ ಬರೆದೆ. ನಾನು ಎಂದಾದರೂ ಕುಂಚ ಹಿಡಿದವಳೇ? ತುಟಿ ಸ್ವಲ್ಪ ಸೊಟ್ಟ ಬಂದಿದೆ. ಬೈಯಬೇಡ.

ನಿನ್ನ ತಂಗಿ,
ಶಾಂತವ್ವ